ಆರದ ಪಾರ್ಕಿಂಗ್ ದೀಪ: ವಿದ್ಯುತ್ತು ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚುವ ಬಗೆ

ಕಾರು ನಿಲ್ಲಿಸಿ, ಕೀಲಿ ತೆಗೆದು, ಬಾಗಿಲು ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೆ ತಿರುಗಿ ನೋಡಿದಾಗ ಹಿಂಬದಿಯ ಕೆಂಪು ದೀಪಗಳು ಉರಿಯುತ್ತಲೇ ಇದ್ದರೆ, ಸ್ವಿಚ್ ಆರಿಸುವುದನ್ನು ಮರೆತೆವೆಂದುಕೊಂಡು ಮರಳಿ ಹೋಗುತ್ತೇವೆ. ಸ್ವಿಚ್ ಆಫ್‌ನಲ್ಲಿಯೇ ಇರುತ್ತದೆ. ಅದನ್ನು ಎರಡು ಬಾರಿ ತಿರುಗಿಸಿ, ಕೀಲಿಯನ್ನು ಮತ್ತೆ ಹಾಕಿ ತೆಗೆದು, ರಿಮೋಟ್ ಒತ್ತಿದರೂ ದೀಪ ಆರದಿದ್ದಾಗ ಹೆಚ್ಚಿನವರು ಬ್ಯಾಟರಿಯ ತಂತಿ ಬಿಚ್ಚಿಟ್ಟು, ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಳಿಗೆ ಒಯ್ದು, ಅವರು ಹೇಳಿದ ಭಾಗವನ್ನು ಬದಲಿಸುತ್ತಾರೆ. ಒಂದು ಭಾಗ ಬದಲಾದ ಮೇಲೂ ದೀಪ ಆರದೆ, ಇನ್ನೊಂದು ಭಾಗವೂ ಬದಲಾಗಿ, ಕೊನೆಗೆ ಫ್ಯೂಸನ್ನೇ ಕಿತ್ತು ಮಾಲೀಕರ ಕೈಗೆ ಕೊಟ್ಟ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಈ ದೋಷವನ್ನು ಊಹೆಯಿಂದ ಹುಡುಕಬೇಕಾಗಿಲ್ಲ. ದೀಪ ಉರಿಯುತ್ತಿದೆಯೆಂದರೆ ಅದಕ್ಕೆ ಯಾವುದೋ ದಾರಿಯಿಂದ ವಿದ್ಯುತ್ತು ಬರುತ್ತಿದೆ. ಆ ದಾರಿಯನ್ನು ಒಂದೊಂದೇ ಕಡೆ ತಡೆಯುತ್ತ ಹೋದರೆ ದೋಷದ ಜಾಗ ತಾನಾಗಿ ತಿಳಿಯುತ್ತದೆ. ಒಂದು ಸಾಧಾರಣ ಮಲ್ಟಿಮೀಟರ್, ಫ್ಯೂಸ್ ಕೀಳುವ ಪ್ಲಾಸ್ಟಿಕ್ ಚಿಮುಟ, 10 ಮಿಲಿಮೀಟರ್ ಸ್ಪ್ಯಾನರ್ ಮತ್ತು ಒಂದು ಟಾರ್ಚ್ ಇದ್ದರೆ ಮುಕ್ಕಾಲು ಪಾಲು ಕೆಲಸ ಮನೆಯಂಗಳದಲ್ಲಿಯೇ ಆಗುತ್ತದೆ.

ಕೀಲಿ ತೆಗೆದ ಮೇಲೂ ಈ ದೀಪಗಳು ಉರಿಯಬಲ್ಲವು ಎಂಬುದು ಸ್ವತಃ ದೋಷವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 109ನೇ ನಿಯಮವು ವಾಹನದ ಮುಂದೆ ಎರಡು ಬದಿಗೂ ಬಿಳಿ ಅಥವಾ ಹಳದಿ, ಹಿಂದೆ ಎರಡು ಬದಿಗೂ ಕೆಂಪು ಪಾರ್ಕಿಂಗ್ ದೀಪಗಳಿರಬೇಕೆಂದೂ, ವಾಹನವು ರಸ್ತೆಯಲ್ಲಿ ನಿಂತಿರುವಾಗಲೂ ಅವು ಉರಿಯುವಂತಿರಬೇಕೆಂದೂ ಹೇಳುತ್ತದೆ. ಆದ್ದರಿಂದಲೇ ತಯಾರಕರು ಈ ದೀಪಗಳಿಗೆ ಇಗ್ನಿಷನ್ ಸ್ವಿಚ್ ಮೂಲಕವಲ್ಲದೆ ನೇರವಾಗಿ ಬ್ಯಾಟರಿಯಿಂದ ವಿದ್ಯುತ್ತು ಕೊಡುತ್ತಾರೆ. ಬ್ಯಾಟರಿಯಿಂದ ಮುಖ್ಯ ಫ್ಯೂಸ್, ಅಲ್ಲಿಂದ 10 ಅಥವಾ 15 ಆಂಪಿಯರ್‌ನ ಟೇಲ್ ಫ್ಯೂಸ್, ಅಂದರೆ ಪಾರ್ಕಿಂಗ್ ದೀಪಗಳ ಫ್ಯೂಸ್, ಅಲ್ಲಿಂದ ಸ್ವಿಚ್ ಇಲ್ಲವೇ ರಿಲೇ (ಸಣ್ಣ ವಿದ್ಯುತ್ತಿನ ಆಜ್ಞೆಗೆ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್), ಅಲ್ಲಿಂದ ಮುಂದಿನ ಮತ್ತು ಹಿಂದಿನ ದೀಪಗಳು, ನಂಬರ್ ಪ್ಲೇಟಿನ ದೀಪ, ಡ್ಯಾಶ್‌ಬೋರ್ಡಿನ ಗುಂಡಿಗಳ ಹಿಂದಿನ ಬೆಳಕು. ಕೊನೆಗೆ ಕಾರಿನ ಲೋಹದ ಮೈಯೇ ಅರ್ತ್ ಆಗಿ ಬ್ಯಾಟರಿಯ ಋಣ ತುದಿಗೆ ಮರಳುವ ದಾರಿ. ಬಹುತೇಕ ಕಾರುಗಳ ನಕ್ಷೆ ಇಷ್ಟೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿ ಪರೀಕ್ಷೆಯೂ ಅರ್ಥವಾಗುತ್ತದೆ.

ಎಷ್ಟು ಹೊತ್ತಿನ ಅವಕಾಶವಿದೆ ಎಂಬುದನ್ನೂ ಲೆಕ್ಕ ಹಾಕಿಕೊಳ್ಳಬಹುದು. ಹಳೆಯ ಬಗೆಯ ತಂತು ಬಲ್ಬುಗಳಾದರೆ ಒಂದೊಂದು 5 ವ್ಯಾಟ್. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಎರಡು ಎಂದರೆ 30 ವ್ಯಾಟ್, ಅಂದರೆ 12 ವೋಲ್ಟಿಗೆ ಎರಡೂವರೆ ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕದ ಪ್ರಕಾರ 14 ಗಂಟೆ ಬಾಳಬೇಕು. ಆದರೆ ಅರ್ಧದಷ್ಟು ಇಳಿದಾಗಲೇ ಹಳೆಯ ಬ್ಯಾಟರಿ ಸ್ಟಾರ್ಟರ್ ಮೋಟಾರನ್ನು ತಿರುಗಿಸಲಾರದಾಗುತ್ತದೆ. ರಾತ್ರಿ 10ಕ್ಕೆ ನಿಲ್ಲಿಸಿದ ಕಾರು ಬೆಳಿಗ್ಗೆ 6ಕ್ಕೆ ಬರೀ ಟಿಕ್ ಟಿಕ್ ಎನ್ನುವುದು ಇದರಿಂದಲೇ.

ಹಾಗಾಗಿ ದೋಷ ಹುಡುಕಲು ಸಮಯವಿಲ್ಲದ ರಾತ್ರಿಯಲ್ಲಿ ಬ್ಯಾಟರಿಯ ಋಣ ತುದಿಯನ್ನು, ಅಂದರೆ ಕಪ್ಪು ತಂತಿಯನ್ನು, ಬಿಚ್ಚಿ, ಅದು ಮತ್ತೆ ತಾಗದಂತೆ ಒಣ ಬಟ್ಟೆ ಸುತ್ತಿ ಬದಿಗಿಡಿ. ಧನ ತುದಿಯನ್ನು ಮೊದಲು ಬಿಚ್ಚಬಾರದು. ಸ್ಪ್ಯಾನರ್ ಆಚೀಚೆ ಲೋಹಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ಕೆಲವು ಕಾರುಗಳ ಡಿಕ್ಕಿ ವಿದ್ಯುತ್ತಿಲ್ಲದೆ ತೆರೆಯುವುದಿಲ್ಲವಾದ್ದರಿಂದ ಕೀಲಿಯನ್ನು ಒಳಗೆ ಬಿಡಬೇಡಿ.

ಉರಿಯುತ್ತಿರುವುದು ಯಾವ ದೀಪ?

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಯಾವ ಸ್ಕ್ರೂವನ್ನೂ ಬಿಚ್ಚಬಾರದು. ಪಾರ್ಕಿಂಗ್ ದೀಪ ಎಂಬ ಒಂದೇ ಮಾತನ್ನು ನಮ್ಮಲ್ಲಿ ಮೂರು ನಾಲ್ಕು ಬೇರೆ ಬೇರೆ ದೀಪಗಳಿಗೆ ಬಳಸುತ್ತಾರೆ. ನಾಲ್ಕೂ ಮೂಲೆಯ ಹಳದಿ ದೀಪಗಳು ಮಿನುಗುತ್ತಿದ್ದರೆ ಅದು ಹಜಾರ್ಡ್ ದೀಪ. ಅದರ ಗುಂಡಿ, ಅದರ ಫ್ಲಾಷರ್, ಅದರ ಫ್ಯೂಸ್ ಎಲ್ಲವೂ ಬೇರೆ. ಹಿಂದಿನ ಕೆಂಪು ದೀಪ ಉರಿಯುತ್ತಿದ್ದರೆ ಅದು ಟೇಲ್ ದೀಪವೂ ಆಗಿರಬಹುದು, ಬ್ರೇಕ್ ದೀಪವೂ ಆಗಿರಬಹುದು, ಏಕೆಂದರೆ ಅನೇಕ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ 21 ಮತ್ತು 5 ವ್ಯಾಟಿನ ಎರಡು ತಂತುಗಳಿರುತ್ತವೆ. ಎರಡನ್ನೂ ಬೇರ್ಪಡಿಸಲು ನಾನು ನೋಡುವುದು ಎರಡು ಜಾಗಗಳನ್ನು. ನಂಬರ್ ಪ್ಲೇಟಿನ ದೀಪ ಉರಿಯುತ್ತಿದ್ದರೆ ಅದು ಪಾರ್ಕಿಂಗ್ ದೀಪದ ಸರ್ಕ್ಯೂಟ್. ಹಿಂಬದಿಯ ಗಾಜಿನ ಬಳಿ ಎತ್ತರದಲ್ಲಿರುವ ಮೂರನೆಯ ಕೆಂಪು ದೀಪ ಉರಿಯುತ್ತಿದ್ದರೆ ಅದು ಬ್ರೇಕ್ ದೀಪ; ಆಗ ಲೈಟ್ ಸ್ವಿಚ್ಚಿಗೂ ಈ ದೋಷಕ್ಕೂ ಯಾವ ಸಂಬಂಧವೂ ಇಲ್ಲ.

ಬ್ರೇಕ್ ದೀಪದ ಪ್ರಸಂಗವನ್ನು ಇಲ್ಲಿಯೇ ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಪಾರ್ಕಿಂಗ್ ಲೈಟ್ ಆರುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಪೆಡಲ್ ಮೇಲೆ ಬಂದು ನಿಂತಾಗ ಅದರ ಲೋಹದ ಪಟ್ಟಿಯಲ್ಲಿ ಕೂರಿಸಿದ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆಯೊಂದು ಆ ಸ್ವಿಚ್ಚಿನ ಮೊಳೆಯನ್ನು ಒಳಕ್ಕೆ ಒತ್ತಿ ದೀಪವನ್ನು ಆರಿಸುತ್ತದೆ. ವರ್ಷಗಟ್ಟಲೆ ಬಿಸಿಲು ಉಂಡ ಆ ಬಿರಡೆ ಬಿಸ್ಕತ್ತಿನಂತೆ ಪುಡಿಯಾದಾಗ, ಮೊಳೆ ಪಟ್ಟಿಯ ತೂತಿನೊಳಕ್ಕೆ ಹೋಗಿ ನಿಲ್ಲುತ್ತದೆ. ಸ್ವಿಚ್ಚಿನ ಪಾಲಿಗೆ ಬ್ರೇಕ್ ಸದಾ ಒತ್ತಿದಂತೆಯೇ. ಚಾಲಕನ ಕಾಲ ಬಳಿಯ ಮ್ಯಾಟಿನ ಮೇಲೆ ಉಗುರಿನಗಲದ ಬಣ್ಣಗೆಟ್ಟ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದರೆ ಅವನ್ನು ಕಸವೆಂದು ಗುಡಿಸಿಬಿಡಬೇಡಿ, ದೋಷದ ಗುರುತು ಅವೇ. ಪೆಡಲನ್ನು ಕಾಲಿನಿಂದ ಮೇಲಕ್ಕೆ ಎತ್ತಿ ಹಿಡಿದರೆ ದೀಪ ಆರುವುದೇ, ಮೊಳೆಯನ್ನು ಬೆರಳಿನಿಂದ ಒತ್ತಿದರೆ ಆರುವುದೇ ಎಂದು ನೋಡಿದರೆ ಖಚಿತವಾಗುತ್ತದೆ. ಹೊಸ ಬಿರಡೆಯ ಬೆಲೆ ಅತ್ಯಲ್ಪ.

ದೋಷವೇ ಅಲ್ಲದ ಕೆಲವು ಸಂಗತಿಗಳು

ಒಂದೇ ಬದಿಯ, ಅಂದರೆ ಎಡಗಡೆಯ ಮುಂದಿನ ಮತ್ತು ಹಿಂದಿನ ದೀಪ ಮಾತ್ರ, ಇಲ್ಲವೇ ಬಲಗಡೆಯವು ಮಾತ್ರ ಉರಿಯುತ್ತಿದ್ದು ಕಾರು ಜರ್ಮನ್ ಮೂಲದ್ದಾಗಿದ್ದರೆ, ಇಂಡಿಕೇಟರ್ ಕಡ್ಡಿಯನ್ನು ಮೊದಲು ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ, ಬಿಎಂಡಬ್ಲ್ಯು ಮುಂತಾದವುಗಳ ಅನೇಕ ಮಾದರಿಗಳಲ್ಲಿ ಇಗ್ನಿಷನ್ ಆರಿದ ಮೇಲೆ ಆ ಕಡ್ಡಿ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಆ ಬದಿಯ ಪಾರ್ಕಿಂಗ್ ದೀಪಗಳು ಮಾತ್ರ ಹೊತ್ತಿಕೊಳ್ಳುತ್ತವೆ. ಇಕ್ಕಟ್ಟಾದ ಬೀದಿಯಲ್ಲಿ ನಿಲ್ಲಿಸಿದಾಗ ರಸ್ತೆಯ ಕಡೆಯ ದೀಪವಷ್ಟೇ ಉರಿದು ಬ್ಯಾಟರಿಯ ಅರ್ಧ ಖರ್ಚು ಉಳಿಯಲಿ ಎಂಬುದು ಆ ದೇಶದ ರೂಢಿ. ಇಂಡಿಕೇಟರ್ ಹಾಕಿ ಗೇಟಿನೊಳಗೆ ತಿರುಗಿ, ಹಾಗೆಯೇ ಕೀಲಿ ತೆಗೆದವರಿಗೆ ಇದು ದೊಡ್ಡ ರಹಸ್ಯವಾಗಿ ಕಾಣುತ್ತದೆ. ಕಡ್ಡಿಯನ್ನು ನಡುವಿಗೆ ತಂದರೆ ಮುಗಿಯಿತು.

ಸ್ವಿಚ್ ಆಟೋ ಸ್ಥಾನದಲ್ಲಿದ್ದು ಹಗಲಿನಲ್ಲಿಯೂ ದೀಪ ಉರಿಯುತ್ತಿದ್ದರೆ ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಬಳಿ ಇರುವ ಬೆಳಕಿನ ಸೆನ್ಸರನ್ನು ನೋಡಿ. ನಮ್ಮ ಕಾರುಗಳಲ್ಲಿ ಸರಿಯಾಗಿ ಆ ಜಾಗಕ್ಕೇ ಗಣಪತಿಯ ವಿಗ್ರಹವನ್ನು ಅಂಟಿಸಿರುತ್ತಾರೆ, ಇಲ್ಲವೇ ಬಿಸಿಲಿಗೆಂದು ಬಟ್ಟೆ ಹಾಸಿರುತ್ತಾರೆ. ವಿಗ್ರಹವನ್ನು ನಾಲ್ಕು ಬೆರಳು ಸರಿಸಿದರೆ ಸಾಕು. ಮನೆ ಸೇರುವವರೆಗೆ ದಾರಿ ತೋರಲೆಂದು ಕೀಲಿ ತೆಗೆದ ಮೇಲೂ ಅರ್ಧ ನಿಮಿಷದಷ್ಟು ಉರಿಯುವ ದೀಪಗಳೂ ಹಲವು ಕಾರುಗಳಲ್ಲಿವೆ. ತೀರ್ಮಾನಕ್ಕೆ ಬರುವ ಮುನ್ನ ಐದು ನಿಮಿಷ ಕಾಯಬೇಕು.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಬ್ಯಾಟರಿ ಉಳಿಸಲೆಂದು ಪಾರ್ಕಿಂಗ್ ದೀಪವನ್ನು ತಾನಾಗಿ ಆರಿಸುವ ಏರ್ಪಾಡು ಹ್ಯುಂಡೈ ಸೇರಿದಂತೆ ಹಲವರ ಕಾರುಗಳಲ್ಲಿದೆ. ಆದರೆ ಅದು ಕೆಲಸ ಮಾಡುವುದು ಕೀಲಿ ತೆಗೆದು ಚಾಲಕನ ಬಾಗಿಲನ್ನು ತೆರೆದಾಗ ಮಾತ್ರ. ಅಪಾರ್ಟ್‌ಮೆಂಟಿನ ಕಂಬಕ್ಕೆ ಒತ್ತಿ ನಿಲ್ಲಿಸಿ, ಚಾಲಕನು ಎಡಗಡೆಯ ಬಾಗಿಲಿನಿಂದ ಇಳಿದರೆ ಕಾರಿಗೆ ಆತ ಇಳಿದದ್ದೇ ತಿಳಿಯುವುದಿಲ್ಲ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಸ್ವಿಚ್ ಕೆಟ್ಟಿದ್ದರೂ ಪರಿಣಾಮ ಇದೇ. ಬಾಗಿಲು ತೆರೆದಾಗ ಒಳಗಿನ ದೀಪ ಹೊತ್ತಿಕೊಳ್ಳದಿದ್ದರೆ, ಅಥವಾ ಬಾಗಿಲು ತೆರೆದಿದೆ ಎಂಬ ಚಿಹ್ನೆ ಮೀಟರಿನಲ್ಲಿ ಬಾರದಿದ್ದರೆ, ಆ ಬಾಗಿಲಿನ ಸ್ವಿಚ್ಚನ್ನು ಸಂಶಯಿಸಬೇಕು.

ಫ್ಯೂಸ್ ಕಿತ್ತು ಕೇಳುವ ಮೊದಲ ಪ್ರಶ್ನೆ

ಇವೆಲ್ಲ ಅಲ್ಲವೆಂದಾದ ಮೇಲೆ ನಿಜವಾದ ಹುಡುಕಾಟ ಶುರು. ಕೀಲಿ ತೆಗೆದಿರಲಿ, ಸ್ವಿಚ್ ಆಫ್ ಆಗಿರಲಿ, ದೀಪ ಉರಿಯುತ್ತಿರಲಿ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯ ನಕ್ಷೆಯಲ್ಲಿ ಟೇಲ್ ಅಥವಾ ಪಾರ್ಕಿಂಗ್ ಎಂದು ಗುರುತಿಸಿದ ಫ್ಯೂಸನ್ನು ಕಿತ್ತುಬಿಡಿ. ಕೆಂಪು ಬಣ್ಣದ್ದಾದರೆ 10 ಆಂಪಿಯರ್, ನೀಲಿಯಾದರೆ 15. ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇದ್ದರೆ ಎರಡನ್ನೂ ಕೀಳಬೇಕು.

ದೀಪ ಆರಿದರೆ ವಿದ್ಯುತ್ತು ತನ್ನ ಸಹಜ ದಾರಿಯಲ್ಲಿಯೇ ಬರುತ್ತಿದೆ. ಅದನ್ನು ತಡೆಯಬೇಕಾದ ಸ್ವಿಚ್ಚೋ ರಿಲೇಯೋ ತಡೆಯುತ್ತಿಲ್ಲ. ಫ್ಯೂಸ್ ಕಿತ್ತರೂ ದೀಪ ಉರಿಯುತ್ತಲೇ ಇದ್ದರೆ, ವಿದ್ಯುತ್ತು ಬೇರೆ ಯಾವುದೋ ಸರ್ಕ್ಯೂಟಿನಿಂದ ಹಿಂಬಾಗಿಲಿನ ಮೂಲಕ, ಅಂದರೆ ಕಳ್ಳದಾರಿಯಿಂದ, ಬರುತ್ತಿದೆ. ಆಗ ಸ್ವಿಚ್ ಬದಲಿಸುವುದು ಹಣದ ನಷ್ಟ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ, ಆದರೂ ಇದನ್ನು ಮಾಡದೆಯೇ ಸ್ಟಿಯರಿಂಗ್ ಬಿಚ್ಚಲು ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಫ್ಯೂಸ್ ಕಿತ್ತ ಖಾಲಿ ಜಾಗದ ಎರಡು ಕಚ್ಚುಗಳಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜ್ ನೋಡಿ. ಬ್ಯಾಟರಿಯ ಕಡೆಯ ಕಚ್ಚಿನಲ್ಲಿ 12 ವೋಲ್ಟಿಗಿಂತ ಸ್ವಲ್ಪ ಹೆಚ್ಚು ಇರಬೇಕು, ಇನ್ನೊಂದರಲ್ಲಿ ಏನೂ ಇರಬಾರದು. ಎರಡರಲ್ಲಿಯೂ 12 ವೋಲ್ಟ್ ಬಂದರೆ ಹಿಂಬಾಗಿಲಿನ ಸಂಶಯ ಗಟ್ಟಿಯಾಯಿತು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಶಾರ್ಟ್ ಇದೆಯೇ ಎಂದು ನೋಡಲು ಹೊಸಬರು ಮಲ್ಟಿಮೀಟರಿನ ಬಜರ್ ಹಚ್ಚಿ, ದೀಪದ ತಂತಿಗೂ ಕಾರಿನ ಮೈಗೂ ಮುಟ್ಟಿಸುತ್ತಾರೆ. ಅದು ಕುಂಯ್ಯೆಂದ ಕೂಡಲೇ ತಂತಿ ಎಲ್ಲಿಯೋ ಮೈಗೆ ತಾಗಿದೆಯೆಂದು ತೀರ್ಮಾನಿಸುತ್ತಾರೆ. ತಣ್ಣಗಿರುವ ಬಲ್ಬಿನ ತಂತುವಿಗೆ ಉರಿಯುವಾಗಿನ ರೋಧದ ಹತ್ತನೆಯ ಒಂದು ಪಾಲಿನಷ್ಟೇ ಇರುತ್ತದೆ, ಆರು ಬಲ್ಬುಗಳು ಜೊತೆಯಾಗಿದ್ದಾಗ ಅದು ಇನ್ನೂ ಇಳಿಯುತ್ತದೆ. ಸರಿಯಾಗಿರುವ ಕಾರಿನಲ್ಲಿಯೂ ಬಜರ್ ಕೂಗಿಯೇ ಕೂಗುತ್ತದೆ. ಎಲ್ಲ ಬಲ್ಬುಗಳನ್ನು ತೆಗೆಯದೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಫ್ಯೂಸ್ ಕಿತ್ತಾಗ ಆರಿದರೆ

ಮುಂದಿನ ನಿಲ್ದಾಣ ರಿಲೇ, ಅದು ಇರುವ ಕಾರಾದರೆ. ಫ್ಯೂಸನ್ನು ಮತ್ತೆ ಕೂರಿಸಿ, ಟೇಲ್ ರಿಲೇಯನ್ನು ಕಿತ್ತು, ದೀಪ ಆರಿತೆಂದು ಖಚಿತ ಮಾಡಿಕೊಂಡು, ಅದರ ಮೇಲೆ ಬೆರಳಿಟ್ಟು ಮತ್ತೆ ಕೂರಿಸಿ. ಕೂರಿಸುವಾಗ ಟಕ್ ಎಂಬ ಸದ್ದು ಬೆರಳಿಗೆ ತಿಳಿದು ದೀಪ ಹೊತ್ತಿಕೊಂಡರೆ, ರಿಲೇಯ ಸುರುಳಿಗೆ ಯಾರೋ ಆಜ್ಞೆ ಕೊಡುತ್ತಿದ್ದಾರೆ. ರಿಲೇ ನಿರ್ದೋಷಿ, ದೋಷ ಆಜ್ಞೆಯ ಕಡೆಗಿದೆ. ಸದ್ದೇ ಇಲ್ಲದೆ ದೀಪ ಹೊತ್ತಿಕೊಂಡರೆ ರಿಲೇಯೊಳಗಿನ ಎರಡು ಸಂಪರ್ಕಗಳು ಬೆಸೆದುಕೊಂಡಿವೆ. ಅದೇ ಅಳತೆಯ, ಅದೇ ಕಾಲುಗಳ ಹಾರ್ನ್ ರಿಲೇಯನ್ನು ಅಲ್ಲಿಗೆ ಹಾಕಿ ನೋಡಿದರೆ ಸಂಶಯ ಪೂರ್ತಿ ಹೋಗುತ್ತದೆ. ಬೆಸೆದ ರಿಲೇಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಬಿಡಿಸಿ ಅದನ್ನೇ ಮುಂದುವರಿಸುವವರಿದ್ದಾರೆ. ಒಮ್ಮೆ ಬೆಸೆದದ್ದು ಮತ್ತೆ ಬೆಸೆಯುತ್ತದೆ, ಬದಲಿಸಬೇಕು.

ಆಜ್ಞೆಯ ಕಡೆ ದೋಷವಿದ್ದರೆ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಟೊಯೋಟಾದಂಥ ಅನೇಕ ಜಪಾನಿ ವಿನ್ಯಾಸಗಳಲ್ಲಿ ಲೈಟ್ ಸ್ವಿಚ್ ರಿಲೇಗೆ 12 ವೋಲ್ಟ್ ಕೊಡುವುದಿಲ್ಲ. ರಿಲೇಯ ಸುರುಳಿಗೆ 12 ವೋಲ್ಟ್ ಮೊದಲೇ ಇರುತ್ತದೆ, ಸ್ವಿಚ್ ಅದರ ಇನ್ನೊಂದು ತುದಿಯನ್ನು ಅರ್ತ್‌ಗೆ ಸೇರಿಸುತ್ತದೆಯಷ್ಟೇ. ಇಂಥ ಕಾರಿನಲ್ಲಿ ಸ್ವಿಚ್ಚಿನಿಂದ ರಿಲೇಗೆ ಹೋಗುವ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಫ್ಯೂಸ್ ಹಾರುವುದಿಲ್ಲ, ದೀಪ ಸದಾ ಉರಿಯುತ್ತದೆ. ಸ್ವಿಚ್ಚೇ 12 ವೋಲ್ಟನ್ನು ದಾಟಿಸುವ ಇನ್ನೊಂದು ಬಗೆಯ ಕಾರಿನಲ್ಲಿ ತಂತಿಯೊಂದು ಹಾಗೆಯೇ ಸವೆದು ತಾಗಿದರೆ ಫ್ಯೂಸ್ ಹಾರಿ ದೀಪ ಹೊತ್ತುವುದೇ ಇಲ್ಲ. ಒಂದೇ ಗಾಯ, ಎರಡು ಕಾರುಗಳಲ್ಲಿ ಎರಡು ಎದುರುಬದುರು ಲಕ್ಷಣ. ಸ್ಟಿಯರಿಂಗನ್ನು ಮೇಲೆ ಕೆಳಗೆ ಸರಿಸಬಹುದಾದ ಕಾರುಗಳಲ್ಲಿ ಅದರ ಕಂಬದ ಕೆಳಗಿನ ತಂತಿಗಳ ಕಟ್ಟು ತಗಡಿನ ಅಂಚಿಗೆ ಉಜ್ಜುವುದು ಇದೆ. ಸ್ಟಿಯರಿಂಗನ್ನು ಮೇಲೆತ್ತಿದಾಗ ದೀಪ ಆರಿ, ಇಳಿಸಿದಾಗ ಹೊತ್ತಿಕೊಂಡರೆ ಬೇರೆ ಸಾಕ್ಷಿ ಬೇಡ. ಇಲಿಗಳು ತಂತಿ ಕಡಿದಿದ್ದರೆ ಬಾನೆಟ್ಟಿನೊಳಗಿನ ಫ್ಯೂಸ್ ಪೆಟ್ಟಿಗೆಯ ಕೆಳಗೆ ಹಿಕ್ಕೆ, ಹುಲ್ಲು, ಹೊದಿಕೆಯ ಸಿಪ್ಪೆ ಕಾಣುತ್ತವೆ.

ಇನ್ನು ಸ್ವಿಚ್. ಸ್ಟಿಯರಿಂಗ್ ಕಂಬದ ಪ್ಲಾಸ್ಟಿಕ್ ಕವಚವನ್ನು ತೆಗೆದರೆ ಕಾಂಬಿನೇಷನ್ ಸ್ವಿಚ್ಚಿನ, ಅಂದರೆ ಲೈಟ್ ಮತ್ತು ಇಂಡಿಕೇಟರ್ ಕಡ್ಡಿಗಳ ಸ್ವಿಚ್ಚಿನ, ಕನೆಕ್ಟರ್ ಸಿಗುತ್ತದೆ. ಬ್ಯಾಟರಿಯ ಋಣ ತುದಿ ಬಿಚ್ಚಿ ಕೆಲವು ನಿಮಿಷ ಕಾದ ನಂತರವೇ ಈ ಭಾಗಕ್ಕೆ ಕೈ ಹಾಕಬೇಕು, ಏಕೆಂದರೆ ಇಲ್ಲಿಯೇ ಏರ್‌ಬ್ಯಾಗಿನ ತಂತಿಗಳೂ ಹಾದುಹೋಗುತ್ತವೆ. ಅವನ್ನು ಮುಟ್ಟಬಾರದು, ಮಲ್ಟಿಮೀಟರಿನಿಂದ ಅಳೆಯಲೂಬಾರದು. ಕನೆಕ್ಟರ್ ಬಿಚ್ಚಿ ಬ್ಯಾಟರಿ ಮತ್ತೆ ಜೋಡಿಸಿದಾಗ ದೀಪ ಆರಿಯೇ ಇದ್ದರೆ ದೋಷ ಸ್ವಿಚ್ಚಿನೊಳಗಿದೆ. ಅದರಲ್ಲಿಯೂ ಎರಡು ಬಗೆ. ಕಡ್ಡಿಯ ತುದಿಯ ಗುಂಡಿ ಆಫ್ ತೋರಿಸುತ್ತಿದ್ದರೂ ಒಳಗಿನ ಸರಳು ಅದರ ಜೊತೆ ತಿರುಗದಿರುವುದು ಒಂದು. ಗುಂಡಿ ತಿರುಗಿಸುವಾಗ ಎಂದಿನ ಟಕ್ ಟಕ್ ಹಿಡಿತ ತಪ್ಪಿ ಸಡಿಲವಾಗಿರುವುದರಿಂದ ಇದು ಕೈಗೇ ತಿಳಿಯುತ್ತದೆ. ಒಳಗಿನ ಹಿತ್ತಾಳೆಯ ಸಂಪರ್ಕಗಳು ಬಿಸಿಯಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿರುವುದು ಇನ್ನೊಂದು; ಕನೆಕ್ಟರಿನ ಒಂದು ಪಿನ್ನಿನ ಸುತ್ತ ಕಂದುಗಟ್ಟಿದ್ದರೆ, ಮೂಗಿಗೆ ಸುಟ್ಟ ವಾಸನೆ ಬಂದರೆ ಇದೇ. ರಿಲೇ ಇಲ್ಲದ ಕಾರುಗಳಲ್ಲಿ ಪಾರ್ಕಿಂಗ್ ದೀಪಗಳ ಪೂರ್ತಿ ಭಾರವನ್ನು ಈ ಸಣ್ಣ ಸಂಪರ್ಕಗಳೇ ಹೊರುತ್ತವೆ. ಅದರ ಮೇಲೆ ಹೆಚ್ಚು ವ್ಯಾಟಿನ ಬಲ್ಬು, ಬಂಪರಿನ ಅಲಂಕಾರದ ದೀಪಗಳು ಎಲ್ಲವನ್ನೂ ಅದೇ ತಂತಿಗೆ ಸಿಕ್ಕಿಸಿದರೆ ಹೊಸ ಸ್ವಿಚ್ಚೂ ಹೀಗೆಯೇ ಕರಗುತ್ತದೆ. ಸ್ವಿಚ್ ಬದಲಿಸುವ ದಿನವೇ ಆ ಹೆಚ್ಚುವರಿ ಭಾರವನ್ನು ಬೇರೆ ಫ್ಯೂಸ್ ಮತ್ತು ರಿಲೇಗೆ ವರ್ಗಾಯಿಸಬೇಕು.

ಫ್ಯೂಸ್ ಕಿತ್ತರೂ ಉರಿಯುತ್ತಿದ್ದರೆ

ಸಂಬಂಧಿಕರೊಬ್ಬರ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ನಾನು ಇದನ್ನು ಮೊದಲ ಬಾರಿಗೆ ಕಂಡದ್ದು ಬೇಸಿಗೆಯಲ್ಲಿ. ದೀಪ ಆರುತ್ತಿಲ್ಲವೆಂದು ಅವರು ಅಷ್ಟರಲ್ಲೇ ಸ್ವಿಚ್ ಬದಲಿಸಿಯಾಗಿತ್ತು. ಟೇಲ್ ಫ್ಯೂಸ್ ಕಿತ್ತೆ, ದೀಪ ಕದಲಲಿಲ್ಲ. ಖಾಲಿ ಕಚ್ಚಿನ ಎರಡೂ ಕಡೆ ವೋಲ್ಟೇಜ್ ಇತ್ತು. ಇನ್ನುಳಿದ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು, ನೋಡಿ, ಮತ್ತೆ ಅದರ ಜಾಗಕ್ಕೇ ಕೂರಿಸುತ್ತ ಹೋದಾಗ ಮ್ಯೂಸಿಕ್ ಸಿಸ್ಟಮಿನ ಫ್ಯೂಸ್ ಕೈಗೆ ಬಂದ ಕ್ಷಣಕ್ಕೆ ಗೋಡೆಯ ಮೇಲಿನ ಕೆಂಪು ಬೆಳಕು ಮಾಯವಾಯಿತು, ಜೊತೆಗೆ ಗಡಿಯಾರವೂ ಆರಿತು. ಕೆಲವು ತಿಂಗಳ ಹಿಂದೆ ಹೊರಗೆಲ್ಲೋ ಹಾಕಿಸಿದ್ದ ಟಚ್‌ಸ್ಕ್ರೀನನ್ನು ಎಳೆದು ಟಾರ್ಚ್ ಹಿಡಿದು ನೋಡಿದರೆ, ತಂತಿಗಳ ಗಂಟಿಗೆ ಸುತ್ತಿದ್ದ ಕಪ್ಪು ಟೇಪಿನ ಗೋಂದು ಬಿಸಿಲಿಗೆ ಕರಗಿ, ಟೇಪು ಬಾಳೆಸುಳಿಯಂತೆ ಬಿಚ್ಚಿಕೊಂಡಿತ್ತು. ಕಿತ್ತಳೆ ಬಣ್ಣದ ತಂತಿಯ ಬರಿಯ ತಾಮ್ರ ಹಳದಿ ತಂತಿಯ ಗಂಟಿಗೆ ಒರಗಿತ್ತು.

ಹೊರಗಿನಿಂದ ತಂದು ಹಾಕುವ ಹೆಚ್ಚಿನ ಮ್ಯೂಸಿಕ್ ಪ್ಲೇಯರುಗಳಲ್ಲಿ ಹಳದಿ ತಂತಿ ಸದಾ ಬ್ಯಾಟರಿಯಿಂದ ಬರುವ 12 ವೋಲ್ಟ್, ಕಿತ್ತಳೆ ತಂತಿ ಪಾರ್ಕಿಂಗ್ ದೀಪ ಹಾಕಿದಾಗ ಪರದೆಯನ್ನು ಮಂಕಾಗಿಸಲೆಂದು ಡ್ಯಾಶ್‌ಬೋರ್ಡಿನ ಬೆಳಕಿನ ಸಾಲಿನಿಂದ ಬರುವ ಸೂಚನೆ. ಎರಡೂ ತಾಗಿದಾಗ ಪ್ಲೇಯರಿಗೆ ಏನೂ ಆಗುವುದಿಲ್ಲ. ಹಳದಿಯ ವಿದ್ಯುತ್ತು ಕಿತ್ತಳೆಯೊಳಗೆ ಹಿಮ್ಮುಖವಾಗಿ ಹರಿದು, ಡ್ಯಾಶ್‌ಬೋರ್ಡಿನ ಬೆಳಕಿನಿಂದ ಹಿಡಿದು ನಂಬರ್ ಪ್ಲೇಟಿನವರೆಗೆ ಎಲ್ಲವನ್ನೂ ಬೆಳಗಿಸುತ್ತದೆ. ಗಂಟುಗಳನ್ನು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದ ಮೇಲೆ ಆ ಕಾರಿನ ದೀಪ ಆರಿತು. ಬದಲಿಸಿದ್ದ ಹಳೆಯ ಸ್ವಿಚ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಹಾಗಾಗಿ ಹಿಂಬಾಗಿಲಿನ ವಿದ್ಯುತ್ತು ಎಂದು ತಿಳಿದ ಕೂಡಲೇ ಕಾರಿಗೆ ಕಾರ್ಖಾನೆಯಿಂದ ಹೊರಬಂದ ಮೇಲೆ ಏನೇನು ಸೇರಿಸಲಾಗಿದೆ ಎಂಬುದನ್ನು ಮಾಲೀಕರಿಂದ ಕೇಳಿ ತಿಳಿಯಬೇಕು. ಪ್ಲೇಯರಿನ ನಂತರ ಹೆಚ್ಚಿನ ಸಂಶಯ ಸೆಂಟ್ರಲ್ ಲಾಕ್ ಮತ್ತು ಅಲಾರಂ ಪೆಟ್ಟಿಗೆಯ ಮೇಲೆ: ರಿಮೋಟ್ ಒತ್ತಿದಾಗ ದೀಪ ಮಿನುಗಿಸುವ ಸಣ್ಣ ರಿಲೇ ಅದರೊಳಗೇ ಇದ್ದು, ಆ ತಂತಿಯನ್ನು ಪಾರ್ಕಿಂಗ್ ದೀಪಕ್ಕೆ ಸೇರಿಸಿದ್ದರೆ, ಆ ರಿಲೇ ಬೆಸೆದುಕೊಂಡ ದಿನ ದೀಪ ಆರುವುದಿಲ್ಲ. ಪೆಟ್ಟಿಗೆಯ ಪ್ಲಗ್ ಎಳೆದರೆ ಉತ್ತರ ಸಿಗುತ್ತದೆ. ಎರಡು ತಂತುವಿನ ಬಲ್ಬಿನಲ್ಲಿ ಒಂದು ತಂತು ಕಡಿದು ಇನ್ನೊಂದರ ಮೇಲೆ ಬಿದ್ದಿದ್ದರೂ, ಒಂದೇ ತಂತುವಿನ ಬಲ್ಬನ್ನು ಬಲವಂತವಾಗಿ ಅಲ್ಲಿ ತುರುಕಿದ್ದರೂ ಬ್ರೇಕಿನ ವಿದ್ಯುತ್ತು ಟೇಲ್ ಸಾಲಿಗೆ ನುಗ್ಗುತ್ತದೆ. ಆಗ ಬ್ರೇಕ್ ಒತ್ತಿದಾಗ ಮಾತ್ರ ಮುಂದಿನ ಪಾರ್ಕಿಂಗ್ ದೀಪವೂ ಡ್ಯಾಶ್‌ಬೋರ್ಡೂ ಬೆಳಗುತ್ತವೆ. ಹಿಂದಿನ ದೀಪದ ಅರ್ತ್ ತಂತಿ ತುಕ್ಕು ಹಿಡಿದರೂ ಇಂಥದೇ ಗೊಂದಲ. ಕರಾವಳಿಯ ಕಾರುಗಳಲ್ಲಿ ಆ ಕನೆಕ್ಟರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಪುಡಿ ಕೂತಿರುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ದೀಪ ಉರಿಯುವಾಗ ಆ ಅರ್ತ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಶುಚಿ ಮಾಡಬೇಕು.

ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ದೀಪ ಮಿಣುಕು ಹುಳದಂತೆ ಮಸುಕಾಗಿ ಉರಿಯುತ್ತಿದ್ದರೆ ಅಲ್ಲಿಗೆ ಹಳೆಯ ತಂತು ಬಲ್ಬನ್ನೇ ಒಮ್ಮೆ ಹಾಕಿ ನೋಡಿ. ಬಲ್ಬ್ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಕಾರಿನ ನಿಯಂತ್ರಕ ಕಳಿಸುವ ಅತ್ಯಲ್ಪ ವಿದ್ಯುತ್ತೂ ಎಲ್‌ಇಡಿಯನ್ನು ಮಿನುಗಿಸಬಲ್ಲದು. ತಂತು ಬಲ್ಬ್ ಉರಿಯದಿದ್ದರೆ ವೈರಿಂಗಿನಲ್ಲಿ ದೋಷವಿಲ್ಲ, ಆ ಕಾರಿಗೆ ಹೊಂದುವ ಎಲ್‌ಇಡಿ ಬೇಕು.

ಕಂಪ್ಯೂಟರ್ ನಿಯಂತ್ರಣದ ಕಾರುಗಳು

ಈಚಿನ ಕಾರುಗಳಲ್ಲಿ ಲೈಟ್ ಸ್ವಿಚ್ ಬರಿಯ ಕೋರಿಕೆ ಸಲ್ಲಿಸುತ್ತದೆ. ದೀಪ ಹಾಕುವುದೂ ಆರಿಸುವುದೂ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಸಣ್ಣ ಕಂಪ್ಯೂಟರ್ ಪೆಟ್ಟಿಗೆ. ಇಲ್ಲಿ ಆ ಕಂಪ್ಯೂಟರಿನ ಮಾಹಿತಿಯನ್ನು ಓದುವ ಸ್ಕ್ಯಾನರ್ ಅಗತ್ಯ. ಸ್ವಿಚ್ ಆಫ್ ಇದ್ದಾಗ ಮಾಡ್ಯೂಲಿಗೆ ಅದು ಆಫ್ ಎಂದೇ ಕಾಣುತ್ತಿದೆಯೇ ಎಂದು ನೇರ ಮಾಹಿತಿಯಲ್ಲಿ ನೋಡಬೇಕು. ಆನ್ ಎಂದು ಕಾಣುತ್ತಿದ್ದರೆ ಸ್ವಿಚ್ಚೋ ಅದರ ತಂತಿಯೋ ಕೆಟ್ಟಿದೆ. ಕೆಲವು ಯುರೋಪಿಯನ್ ಕಾರುಗಳು ಸ್ವಿಚ್ಚಿನ ಸೂಚನೆ ಅರ್ಥವಾಗದಿದ್ದರೆ ಕತ್ತಲೆಯಲ್ಲಿ ಚಾಲಕ ಕುರುಡಾಗದಿರಲೆಂದು ದೀಪಗಳನ್ನು ತಾವೇ ಹೊತ್ತಿಸಿಕೊಳ್ಳುತ್ತವೆ. ಅದು ರಕ್ಷಣೆಯ ಏರ್ಪಾಡು, ಮಾಡ್ಯೂಲ್ ಕೆಟ್ಟದ್ದಲ್ಲ. ಮಾಡ್ಯೂಲಿಗೆ ಸ್ವಿಚ್ ಆಫ್ ಎಂದೇ ತಿಳಿದಿದ್ದು ದೀಪ ಉರಿಯುತ್ತಿದ್ದರೆ, ದೀಪಗಳಿಗೆ ಹೋಗುವ ಅದರ ಕನೆಕ್ಟರನ್ನು ಬಿಚ್ಚಿ ನೋಡಿ. ಬಿಚ್ಚಿದ ಮೇಲೂ ಉರಿದರೆ ಹೊರಗಿನ ತಂತಿ ಎಲ್ಲಿಯೋ ಬೇರೆ 12 ವೋಲ್ಟಿಗೆ ತಾಗಿದೆ. ಆರಿದರೆ ಮಾತ್ರ ಮಾಡ್ಯೂಲಿನ ಒಳಗಿನ ಸ್ವಿಚ್ ಸುಟ್ಟಿರಬಹುದು. ಮಲೆನಾಡಿನ ಮಳೆಗಾಲದಲ್ಲಿ ಮರದಡಿ ನಿಲ್ಲುವ ಕಾರುಗಳಲ್ಲಿ ವೈಪರಿನ ಕೆಳಗಿನ ತೂಬು ಎಲೆಗಳಿಂದ ಕಟ್ಟಿ, ನೀರು ಡ್ಯಾಶ್‌ಬೋರ್ಡಿನ ಕೆಳಗಿಳಿದು ಮಾಡ್ಯೂಲನ್ನು ತೋಯಿಸುವುದುಂಟು. ಎಡಗಡೆಯ ಕಾರ್ಪೆಟನ್ನು ಒತ್ತಿ ನೋಡಿ, ಕೈಗೆ ನೀರು ಹತ್ತಿದರೆ ಮೊದಲು ತೂಬು ಬಿಡಿಸಿ. ಹೊಸ ಮಾಡ್ಯೂಲಿಗೆ ಕೋಡಿಂಗ್ ಬೇಕು, ಕೆಲವದರಲ್ಲಿ ಕೀಲಿಗಳನ್ನೂ ಮತ್ತೆ ಹೊಂದಿಸಬೇಕು. ಆದ್ದರಿಂದ ಇದು ಪಟ್ಟಿಯ ಕೊನೆಯಲ್ಲಿರಬೇಕಾದ ದುಬಾರಿ ತೀರ್ಮಾನ.

ದೀಪ ಆರಿದ ಮೇಲೆ

ಯಾವ ಕಾರಣಕ್ಕೂ ಫ್ಯೂಸ್ ಕಿತ್ತಿಟ್ಟುಕೊಂಡು, ಅಥವಾ ತಂತಿ ಕತ್ತರಿಸಿಕೊಂಡು ದಿನ ದೂಡಬೇಡಿ. ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕೆಂದು ಅದೇ 1989ರ ನಿಯಮಗಳು ಹೇಳುತ್ತವೆ. ಮಳೆಯ ರಾತ್ರಿಯಲ್ಲಿ ಆಗುಂಬೆಯನ್ನೋ ಶಿರಾಡಿಯನ್ನೋ ಇಳಿಯುವಾಗ ಮುಂದೆ ಹೋಗುತ್ತಿರುವ ಕಾರು ಇದೆಯೆಂಬುದು ಹಿಂದಿನ ಲಾರಿಯವರಿಗೆ ತಿಳಿಯುವುದು ಆ ಎರಡು ಕೆಂಪು ಚುಕ್ಕೆಗಳಿಂದ ಮಾತ್ರ. ದೋಷ ಸರಿಯಾಗುವವರೆಗೆ ಹಗಲಿನಲ್ಲಿ ಮಾತ್ರ ಓಡಿಸಿ.

ಒಂದು ರಾತ್ರಿ ಪೂರ್ತಿ ಇಳಿದ ಬ್ಯಾಟರಿಯನ್ನು ಜಂಪ್ ಸ್ಟಾರ್ಟ್ ಮಾಡಿ ಪೇಟೆಯಲ್ಲಿ ಎರಡು ಸುತ್ತು ಹಾಕಿದರೆ ಅದು ತುಂಬುವುದಿಲ್ಲ. ಚಾರ್ಜರಿಗೆ ಹಾಕಿ ನಿಧಾನವಾಗಿ ತುಂಬಿಸಿ, ಕೆಲವು ಗಂಟೆ ಬಿಟ್ಟು ನೋಡಿದಾಗ 12.6 ವೋಲ್ಟಿನ ಆಸುಪಾಸು ನಿಂತರೆ ಬ್ಯಾಟರಿ ಉಳಿದಿದೆ. ಬಳಿಕ ಋಣ ತುದಿಗೂ ಅದರ ತಂತಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿ, ಬಾಗಿಲುಗಳನ್ನು ಹಾಕಿ, ಅರ್ಧ ಗಂಟೆ ಕಾಯಿರಿ. ಹೀಗಿರುವಾಗ ಕೀಲಿ ತಿರುಗಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ. ಮಾಡ್ಯೂಲುಗಳೆಲ್ಲ ಮಲಗಿದ ಮೇಲೆ ಸಾಮಾನ್ಯವಾಗಿ 50 ಮಿಲಿ ಆಂಪಿಯರಿಗಿಂತ ಕಡಿಮೆ ಹರಿಯಬೇಕು. ಅದಕ್ಕಿಂತ ಹೆಚ್ಚಿದ್ದರೆ, ಕಣ್ಣಿಗೆ ಕಾಣದ ಇನ್ನೊಂದು ದಾರಿ ಉಳಿದಿದೆ. ಫ್ಯೂಸ್‌ಗಳನ್ನು ಮತ್ತೆ ಒಂದೊಂದಾಗಿ ಕೀಳಬೇಕು. ಕತ್ತಲಾದ ಮೇಲೆ ಕಾರಿನ ಹಿಂಬದಿಯನ್ನು ಗೋಡೆಗೆ ಸಮೀಪ ನಿಲ್ಲಿಸಿ, ಪಾರ್ಕಿಂಗ್ ದೀಪ, ಬ್ರೇಕ್, ಎರಡೂ ಇಂಡಿಕೇಟರ್, ರಿಮೋಟ್ ಲಾಕ್ ಇವನ್ನು ಒಂದೊಂದಾಗಿ ಹಾಕಿ ಆರಿಸುತ್ತ ಗೋಡೆಯ ಮೇಲಿನ ಬೆಳಕನ್ನು ನೋಡಿ. ಕೊನೆಯ ಬಾರಿ ಆರಿಸಿ ಐದು ನಿಮಿಷವಾದ ಮೇಲೆ ಗೋಡೆ ಪೂರ್ತಿ ಕಪ್ಪಾಗಿರಬೇಕು.